ಮಿಡಿಗೇಶಿ ಎನ್ನುವ ಆಟ

ಪಾರ್ಶ್ವವಾಯು ಹೊಡೆದ ಮೇಲೆ ಅಕ್ಕನ ಬಾಯಲ್ಲಿ ಮೂರು ಮಾತು ಉಳಿದವು: ಹೂಂ, ಅಲ್ಲ, ಮಿಡಿಗೇಶಿ. ಮೊದಲ ಎರಡರಿಂದ ಯಾರಿಗೂ ತೊಂದರೆಯಾಗಲಿಲ್ಲ. ಮೂರನೆಯದು ಮಾತ್ರ ಮನೆಯಲ್ಲಿ ಯಾರಿಗೂ ಬಗೆಹರಿಯಲಿಲ್ಲ.

ಮಿಡಿಗೇಶಿ ಒಂದು ಊರು. ಮಧುಗಿರಿಯಿಂದ ಪಾವಗಡಕ್ಕೆ ಹೋಗುವವರು ಅದರ ಬೆಟ್ಟವನ್ನೂ ಮೇಲಿನ ಕೋಟೆಗೋಡೆಯನ್ನೂ ಬಸ್ಸಿನ ಕಿಟಕಿಯಿಂದ ನೋಡಿಯೇ ಇರುತ್ತಾರೆ. ನಮಗೆ ಅಲ್ಲಿ ನೆಂಟರಿಲ್ಲ, ಹೊಲವಿಲ್ಲ, ಮನೆದೇವರಿಲ್ಲ. ಅಕ್ಕನನ್ನು ಕೊಟ್ಟಿರುವುದು ತಿರುಮಣಿಗೆ. ಭಾವ ಅಲ್ಲಿನ ಸೋಲಾರ್ ಪಾರ್ಕಿನಲ್ಲಿ ಗಾಜಿನ ಫಲಕಗಳನ್ನು ತೊಳೆಯುವವರ ಮೇಸ್ತ್ರಿ. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಿದ್ದಳು. ಒಂದು ಬೆಳಿಗ್ಗೆ ಕತ್ತರಿ ಕೈಯಿಂದ ಜಾರಿತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಬಲಗೈ, ಬಲಗಾಲು, ಮಾತು ಮೂರೂ ಒಟ್ಟಿಗೇ ಹೋದವು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ದಿನಕ್ಕೆ ಇಪ್ಪತ್ತು ಸಲ ಮಿಡಿಗೇಶಿ ಅನ್ನುತ್ತಿದ್ದಳು. ನೀರು ಬೇಕಾ ಅಂದರೆ ಅಲ್ಲ. ಮಲಗ್ತೀಯಾ ಅಂದರೆ ಅಲ್ಲ. ಮತ್ತೇನು ಬೇಕೇ ತಾಯಿ ಅಂದರೆ ಮಿಡಿಗೇಶಿ.

ಭಾವ ತಾವೇ ಒಂದು ಅರ್ಥ ಕಟ್ಟಿಕೊಂಡರು. "ಯಾವ್ದೋ ಹರಕೆ ಇರ್ಬೇಕು ಕಣಯ್ಯ. ನಿಮ್ಮಮ್ಮ ಹೊತ್ತಿದ್ರೋ ಏನೋ. ನಾವು ಮರ್ತಿರ್ಬೌದು, ದೇವ್ರು ಮರೀತಾನಾ?" ಅಂದರು. ಮೂರನೇ ವಾರ ಒಂದು ಕಾರು ಮಾಡಿ, ಅಕ್ಕನನ್ನು ಎತ್ತಿ ಕೂರಿಸಿ, ಪಾವಗಡ ದಾಟಿ ಮಿಡಿಗೇಶಿಗೆ ಕರೆದುಕೊಂಡು ಹೋದರು. ಹಿಂದಿನ ದಿನವೇ ಹೋಗಿ ತಿರುಮಣಿಯಲ್ಲಿ ಉಳಿದಿದ್ದ ನಾನೂ ಕಾರಿನಲ್ಲಿದ್ದೆ. ನನ್ನ ಕೆಲಸ ಬಿಸಿನೀರಿನ ಫ್ಲಾಸ್ಕ್ ಹಿಡಿದುಕೊಳ್ಳುವುದು. ಇಂಥ ಜವಾಬ್ದಾರಿಗಳಿಗೆ ನಮ್ಮ ಮನೆಯಲ್ಲಿ ನನ್ನನ್ನು ಬಿಟ್ಟರೆ ಬೇರೆಯವರಿಲ್ಲ.

ಬೆಟ್ಟ ಕಾಣುತ್ತಲೇ ಭಾವ ಡ್ರೈವರಿಗೆ ಹೇಳಿ ಕಾರು ನಿಲ್ಲಿಸಿ, ನೋಡು ನೋಡು, ಮಿಡಿಗೇಶಿ ಬಂತು ಅಂದರು. ಅಕ್ಕ ಬೆಟ್ಟದ ಕಡೆ ತಿರುಗಲಿಲ್ಲ. ನನ್ನ ಕಡೆ ತಿರುಗಿದಳು. ಅವಳ ಎಡಗೈ ನನ್ನ ಮಂಡಿಯ ಮೇಲಿತ್ತು. ಅದರ ಹೆಬ್ಬೆರಳು ನನ್ನ ಪ್ಯಾಂಟಿನ ಬಟ್ಟೆಯನ್ನು ಒತ್ತುತ್ತಿತ್ತು. ಬಲಕ್ಕೆ, ಬಲಕ್ಕೆ, ಮೇಲಕ್ಕೆ, ಮತ್ತೆ ಬಲಕ್ಕೆ. ಅವಳು ಕೇಳುತ್ತಿದ್ದದ್ದು ಊರನ್ನಲ್ಲ ಎಂದು ನನಗೆ ಆ ಕ್ಷಣ ಗೊತ್ತಾಯಿತು. ಭಾವ ಕೆಳಗಿನ ದೇವಸ್ಥಾನದಿಂದ ಕುಂಕುಮ ತಂದು ಹಚ್ಚಿದರು. ಅಕ್ಕ ಅತ್ತಳು. ದೇವರ ಮಹಿಮೆ ನೋಡಿ, ಕಣ್ಣಲ್ಲಿ ನೀರು ಬಂತು ಅಂತ ಡ್ರೈವರ್ ಕೈ ಮುಗಿದ. ನಾನು ಫ್ಲಾಸ್ಕಿನ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ.

ಮಿಡಿಗೇಶಿ ನಾವು ಆಡುತ್ತಿದ್ದ ಒಂದು ಟಿವಿ ಗೇಮು.

ನಾವು ಬೆಳೆದದ್ದು ಶಿರಾದಲ್ಲಿ, ಹಳೇ ಮಸೀದಿಯ ಹಿಂದಿನ ಗಲ್ಲಿಯಲ್ಲಿ. ಪಕ್ಕದ ಮನೆಯ ಮಾಮು ಸೌದಿಯಿಂದ ಬರುವಾಗ ಟಿವಿಗೆ ಹಚ್ಚಿ ಆಡುವ ಪೆಟ್ಟಿಗೆಯೊಂದನ್ನು ತಂದಿದ್ದರು. ಅದು ದೊಡ್ಡ ಕಂಪನಿಯ ಅಸಲಿ ಯಂತ್ರವಲ್ಲ, ಅದರ ನಕಲು. ಆದರೆ ಅಸಲಿ ಅಂತ ಒಂದು ಇದೆ ಎನ್ನುವುದು ನಮಗೆ ಗೊತ್ತಾದದ್ದು ಎಷ್ಟೋ ವರ್ಷದ ಮೇಲೆ. ಒಂದೇ ಕ್ಯಾಸೆಟ್ಟಿನಲ್ಲಿ ಹತ್ತಾರು ಆಟ. ಮೇಲೆ ಅಂಟಿಸಿದ್ದ ಚಿತ್ರ ಕಾರಿನದು, ಒಳಗೆ ಒಂದು ಕಾರೂ ಇರಲಿಲ್ಲ. ಟಿವಿ ಬಾರದಿದ್ದರೆ ಕ್ಯಾಸೆಟ್ ತೆಗೆದು ಬಾಯಿಂದ ಊದಬೇಕು. ಆ ಮನೆಯ ಹುಡುಗ ನನ್ನ ತರಗತಿಯವನು, ಗೆಳೆಯ. ಊದುವ ಹಕ್ಕು ಅವನೊಬ್ಬನದೇ.

ಆಟಗಳ ಹೆಸರು ಇಂಗ್ಲಿಷಿನಲ್ಲಿ ಬರುತ್ತಿತ್ತು. ಅದೂ ಯಾರೋ ತಿದ್ದಿ ಕೆಡಿಸಿದ ಹೆಸರು. ನಾವು ನಮಗೆ ತೋಚಿದ ಹಾಗೆ ಕರೆಯುತ್ತಿದ್ದೆವು. ಒಂದು ಆಟದಲ್ಲಿ ಬೂದು ಬಣ್ಣದ ಬೋಳು ಬೆಟ್ಟ, ಬಂಡೆಯಲ್ಲೇ ಕಡಿದ ಮೆಟ್ಟಿಲು, ತುದಿಯಲ್ಲಿ ಕೋಟೆಗೋಡೆ. ಬೆರಳುಗಾತ್ರದ ಮನುಷ್ಯನೊಬ್ಬ ಕೆಳಗಿನಿಂದ ಓಡಿಕೊಂಡು ಹತ್ತಬೇಕು, ಮೇಲಿನಿಂದ ಗುಂಡುಕಲ್ಲು ಉರುಳಿ ಬರುತ್ತವೆ, ನಡುನಡುವೆ ಹಳ್ಳ. ಅಜ್ಜಿಯ ಊರು ಪಾವಗಡದ ಹತ್ತಿರ. ರಜೆಗೆ ಹೋಗುವಾಗ ಮಧುಗಿರಿಯಲ್ಲಿ ಬಸ್ಸು ಬದಲಾಯಿಸಿ ಆ ಬೆಟ್ಟದ ಪಕ್ಕದಲ್ಲೇ ಹೋಗುತ್ತಿದ್ದೆವು. ಅಕ್ಕ ಆಟವನ್ನು ನೋಡಿದ ಮೊದಲನೇ ದಿನವೇ, "ಲೇ, ಇದು ಮಿಡಿಗೇಶಿ ಕಣ್ಲಾ" ಅಂದಳು. ಅಲ್ಲಿಗೆ ಹೆಸರು ನಿಂತಿತು.

ಗೆಳೆಯನ ತಾಯಿ ಅಮ್ಮಿಗೆ ಅಕ್ಕ ರವಿಕೆಯ ಹುಕ್ಕು ಹಾಕಿಕೊಡುತ್ತಿದ್ದಳು. ಆ ನೆಪದಲ್ಲಿ ಅವಳಿಗೂ ಆಟದ ರಿಮೋಟು ಸಿಗುತ್ತಿತ್ತು. ಎಡಗೈ ಹೆಬ್ಬೆರಳು ಓಡಿಸುವುದಕ್ಕೆ, ಬಲಗೈ ಹೆಬ್ಬೆರಳು ನೆಗೆಸುವುದಕ್ಕೆ. ಗೆಳೆಯನೂ ನಾನೂ ಎರಡನೇ ಹಳ್ಳದಲ್ಲೇ ಬಿದ್ದು ಸಾಯುತ್ತಿದ್ದೆವು. ನಾನಂತೂ ಹಳ್ಳ ಬರುವುದಕ್ಕೆ ಮೊದಲೇ ಹೆದರಿ ನೆಗೆದು, ಸರಿಯಾಗಿ ಹಳ್ಳದೊಳಕ್ಕೇ ಇಳಿಯುತ್ತಿದ್ದೆ. ಅಕ್ಕ ಕಣ್ಣು ಮಿಟುಕಿಸದೆ, ತುಟಿಯಲ್ಲಿ ಸೂಜಿ ಕಚ್ಚಿಕೊಂಡು ತುದಿಯವರೆಗೂ ಹತ್ತುತ್ತಿದ್ದಳು. ಆಮೇಲೆ ಮದುವೆಯಾಗಿ ತಿರುಮಣಿಗೆ ಹೋದಳು. ಆ ಆಟದ ವಿಷಯ ಮೂವತ್ತು ವರ್ಷದಲ್ಲಿ ಒಂದು ಸಲವೂ ಅವಳ ಬಾಯಲ್ಲಿ ಬಂದದ್ದು ನನಗೆ ನೆನಪಿಲ್ಲ. ಹೊಲಿಸಿಕೊಂಡು ದುಡ್ಡು ಕೊಡದವರ ಬಗ್ಗೆ, ನೀರಿನ ಬಗ್ಗೆ, ನನ್ನ ಬಿಪಿ ಬಗ್ಗೆ ಮಾತಾಡುತ್ತಿದ್ದಳು. ಎಲ್ಲ ಅಳಿಸಿ ಹೋದ ಮೇಲೆ ಉಳಿದದ್ದು ಅದೊಂದು.

ಕಾರಿನಲ್ಲೇ ಇದನ್ನು ಏಕೆ ಹೇಳಲಿಲ್ಲ ಎಂದು ಕೇಳಿದರೆ ನನ್ನ ಹತ್ತಿರ ಬೇಕಾದಷ್ಟು ಕಾರಣಗಳಿವೆ, ಒಂದೂ ಚೆನ್ನಾಗಿಲ್ಲ. ನಾನು ಮಧುಗಿರಿಯಲ್ಲಿ ಪತ್ರ ಬರಹಗಾರ. ಜಮೀನು ಮಾರುವವರಿಗೆ, ಕೊಳ್ಳುವವರಿಗೆ ಕ್ರಯಪತ್ರ ಬರೆದುಕೊಡುವುದು ಕೆಲಸ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾವ ಓಣಿ ಎನ್ನುವುದನ್ನು ಮೂರು ಸಲ ಓದಿ, ಮನೆಗೆ ಹೋಗುವಾಗ ದಾರಿಯಲ್ಲಿ ನೆನೆಸಿಕೊಂಡು, ತಪ್ಪು ಬರೆದೆನೇನೋ ಎಂದು ವಾಪಸು ಬರುವ ಜಾತಿ ನಾನು. ಗ್ಯಾಸ್ ಆರಿಸಿದೆನೇ, ಸಹಿ ಮಾಡಿಸಿದೆನೇ, ನನಗೇ ಪಾರ್ಶ್ವವಾಯು ಬಂದರೆ ಯಾವ ಮಾತು ಉಳಿದೀತು, ಹೀಗೆ ದಿನವಿಡೀ ಏನಾದರೊಂದು ಚಿಂತೆ ಇದ್ದೇ ಇರುತ್ತದೆ. ಭಾವ ಹರಕೆ ತೀರಿಸಲು ಹೊರಟಿರುವಾಗ, ಅದು ವಿಡಿಯೋ ಗೇಮು ಭಾವ ಅನ್ನುವುದು ಹೇಗೆ? ತಮಾಷೆ ಮಾಡ್ತಾನೆ ಅಂದುಕೊಂಡರೆ? ನಾನು ಹೇಳಿದ್ದೇ ತಪ್ಪಾಗಿದ್ದರೆ? ಐವತ್ತು ವರ್ಷದ ಹೆಂಗಸು ಹಾಸಿಗೆಯಲ್ಲಿ ಮಲಗಿ ಕೇಳುತ್ತಿರುವುದು ಆಟದ ಸಾಮಾನು ಎಂದು ಊರವರಿಗೆ ಗೊತ್ತಾದರೆ? ಎಲ್ಲದಕ್ಕೂ ಚಿಂತೆ ಮಾಡಿದೆ. ಹೇಳದೆ ಇದ್ದರೆ ಏನಾದೀತು ಅನ್ನುವುದೊಂದಕ್ಕೆ ಮಾಡಲಿಲ್ಲ.

ಹೀಗೆ ಆರು ವಾರ ಕಳೆಯಿತು. ಪಾವಗಡದಿಂದ ವಾರಕ್ಕೆರಡು ದಿನ ಫಿಸಿಯೋ ಮೇಡಂ ಬರುತ್ತಿದ್ದರು. ಇನ್ನೂ ಚಿಕ್ಕ ವಯಸ್ಸು, ಸ್ಕೂಟರಿನಲ್ಲಿ ಬಂದು ಧೂಳು ಕೊಡವಿಕೊಂಡು ನೇರ ಅಕ್ಕನ ಕೈ ಹಿಡಿಯುತ್ತಿದ್ದರು. ಬಲಗೈ ಹೆಬ್ಬೆರಳು ಒಂದು ಚೂರು ಅಲ್ಲಾಡುವುದನ್ನು ಮೊದಲು ಕಂಡದ್ದು ಅವರೇ. ಈಗಿನ ಕೆಲವು ತಿಂಗಳಲ್ಲಿ ಎಷ್ಟು ಬರುತ್ತದೋ ಅಷ್ಟು, ಆಮೇಲೆ ಕಷ್ಟ, ಅವರಿಗೆ ಮನಸ್ಸಿರುವ ಕೆಲಸವನ್ನೇ ಆ ಬೆರಳಿನಿಂದ ಮಾಡಿಸಬೇಕು ಎಂದು ವಿವರಿಸಿದ್ದರು. ಭಾವ ಸೂಜಿ ದಾರ ಕೊಟ್ಟು ನೋಡಿದರು. ಅಕ್ಕ ಎಡಗೈಯಿಂದ ಎಸೆದಳು. ರಬ್ಬರ್ ಚೆಂಡು ಕೊಟ್ಟರು, ಅದೂ ಮೂಲೆ ಸೇರಿತು. ನಾನು ಒಂದು ಭಾನುವಾರ ಹೋದಾಗ ಮೇಡಂ ಅಲ್ಲೇ ಇದ್ದರು. ಇವರಿಗೆ ಚಿಕ್ಕಂದಿನಿಂದ ಇಷ್ಟವಾದದ್ದು, ಕೈಯಿಂದ ಮಾಡುವಂಥದ್ದು ಬೇರೆ ಏನೂ ಇಲ್ಲವಾ ಎಂದು ನನ್ನನ್ನೇ ಕೇಳಿದರು. ಆಗ ಬಾಯಿ ಬಿಟ್ಟೆ.

ಮೇಡಂ ಪೂರ್ತಿ ಕೇಳಿಸಿಕೊಂಡರು. ನಗಲಿಲ್ಲ. ಕೇಳುತ್ತಿದ್ದ ಅಕ್ಕ ಹೂಂ ಅಂದಳು. ಮತ್ತೆ ಹೂಂ, ಹೂಂ ಅಂದಳು, ಉಸಿರು ಕಟ್ಟುವ ಹಾಗೆ. ಭಾವ ಅವಳನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

"ನೀನು ಕಾರಲ್ಲಿ ನಮ್ ಜೊತೇಲೇ ಇದ್ದೆ ಕಣಯ್ಯ" ಅಂದರು. ಅಷ್ಟೇ ಅಂದರು. ಟವೆಲ್ ಹೆಗಲಿಗೆ ಹಾಕಿಕೊಂಡು ಕೆಲಸಕ್ಕೆ ಹೊರಟುಹೋದರು. ಅವರು ನಾಲ್ಕು ಮಾತು ಬೈದಿದ್ದರೆ ನಾನು ಸಂಜೆಗೆಲ್ಲ ಸುಧಾರಿಸಿಕೊಳ್ಳುತ್ತಿದ್ದೆನೇನೋ.

ಇನ್ನು ಆಟ ಹುಡುಕುವುದು. ಫೋನಿನೊಳಗಿನ ಆ್ಯಪ್ ಅಂಗಡಿಯಲ್ಲಿ ಕೋಟೆ, ಬೆಟ್ಟ, ಕಲ್ಲು ಎಂದೆಲ್ಲ ಬರೆದು ಹುಡುಕಿದೆ. ಮಿಡಿಗೇಶಿ ಅಂತಲೂ ಹುಡುಕಿದೆ, ಒಪ್ಪಿಕೊಳ್ಳಲು ನಾಚಿಕೆಯಿಲ್ಲ. ನೋಡಲು ಹಾಗೇ ಇರುವ ಹತ್ತು ಆಟ ಸಿಕ್ಕವು, ಎಲ್ಲವೂ ಯಾರೋ ಮಾಡಿದ ಅಣಕ. ಎರಡು ಹೆಜ್ಜೆ ಇಟ್ಟರೆ ಜಾಹೀರಾತು. ರಮ್ಮಿ ಆಡಿ ಅನ್ನುತ್ತದೆ, ಸಾಲ ಬೇಕಾ ಅನ್ನುತ್ತದೆ. ಅದನ್ನೆಲ್ಲ ದಾಟಿ ಅಕ್ಕ ಬೆಟ್ಟ ಹತ್ತುವುದು ಯಾವಾಗ?

ಶಿರಾಕ್ಕೆ ಹೋದೆ. ಅಂದಿನ ಆ ಗೆಳೆಯ ಈಗ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡೇ ಮಾತಾಡುತ್ತಾನೆ. ಅಕ್ಕನ ಸ್ಥಿತಿ ಕೇಳಿ ಕನ್ನಡಿ ತೆಗೆದಿಟ್ಟ. "ಆಪಾಗಾ?" ಅಂದ. ಅಕ್ಕನನ್ನು ಅವನು ಕರೆಯುವುದು ಮೊದಲಿನಿಂದಲೂ ಹಾಗೇ.  ಆಮೇಲೆ ಆ ಆಟದ ಸಂಗೀತವನ್ನು ಬಾಯಲ್ಲೇ ನುಡಿಸಿದ, ಒಂದು ಸ್ವರವೂ ತಪ್ಪದ ಹಾಗೆ. ಅದರ ನಿಜವಾದ ಹೆಸರು ಅವನಿಗೆ ಗೊತ್ತಿತ್ತು. ಜಪಾನಿನ ಕಡೆಯ ಹೆಸರು, ನನಗೆ ಈಗಲೂ ನಾಲಿಗೆ ಹೊರಳುವುದಿಲ್ಲ. ಕಂಪನಿ ಇನ್ನೂ ಇದೆಯಂತೆ. ಆಟವನ್ನು ಇನ್ನೂ ಮಾರುತ್ತದಂತೆ. ಆದರೆ ತನ್ನ ಯಂತ್ರ ಕೊಂಡವರಿಗೆ ಮಾತ್ರ. ಮೊಬೈಲಿಗೆ ಕೊಡುವುದಿಲ್ಲ.

ಏಕೆ ಕೊಡುವುದಿಲ್ಲ ಎಂದು ಆ ವಾರವೆಲ್ಲ ಓದಿದೆ. ಕ್ರಯಪತ್ರಕ್ಕೆ ಬಂದವರನ್ನು ಬೆಂಚಿನ ಮೇಲೆ ಕೂರಿಸಿ ಓದಿದೆ. ಕಂಪನಿಗಳು ತಮ್ಮ ಹಳೇ ಆಟಗಳನ್ನು ಮೊಬೈಲಿನಲ್ಲಿ ಮಾರಬೇಕೋ ಬೇಡವೋ ಎಂದು ಜಗತ್ತಿನಲ್ಲಿ ಎಷ್ಟು ಜನ ಜಗಳವಾಡುತ್ತಿದ್ದಾರೆ ಎಂದರೆ, ನಮ್ಮ ತಾಲ್ಲೂಕು ಕಚೇರಿಯ ದಾಯಾದಿ ಜಗಳಗಳು ಅದರ ಮುಂದೆ ಏನೂ ಅಲ್ಲ. ಮಾರಿದರೆ ಯಂತ್ರ ಯಾರು ಕೊಳ್ಳುತ್ತಾರೆ ಅನ್ನುತ್ತಾರೆ ಕೆಲವರು. ಫೋನಿನಲ್ಲಿ ಎಲ್ಲವೂ ಪುಕ್ಕಟೆ ಸಿಗಬೇಕು ಅನ್ನುವವರಿರುವಾಗ ಒಳ್ಳೆಯ ಆಟದ ಮರ್ಯಾದೆ ಹೋಗುತ್ತದೆ ಅನ್ನುತ್ತಾರೆ ಇನ್ನು ಕೆಲವರು. ಗೆಳೆಯನೂ ಅದೇ ಪಕ್ಷ. ದಿನಕ್ಕೆ ಮೂವತ್ತು ಫೋನಿನ ಒಡೆದ ಗಾಜು ಬದಲಾಯಿಸುವವನು ಅವನು. ಗಾಜಿನ ಮೇಲೆ ಅವನಿಗೆ ಗೌರವವಿಲ್ಲ. "ಬಟನ್ ಇಲ್ದೆ ಎಂಥಾ ಗೇಮು ಯಾರ್? ಗ್ಲಾಸ್ ಮೇಲೆ ಬೆರಳಾಡ್ಸೋದು ಗಂಧ ತೇಯ್ದಂಗೆ" ಅಂದ.

ನಾನು ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಅಸಲಿ ಯಂತ್ರ ನಮ್ಮ ಕಡೆ ಯಾವತ್ತೂ ಬರಲೇ ಇಲ್ಲ. ಶಿರಾಕ್ಕೂ ಬರಲಿಲ್ಲ, ಪಾವಗಡಕ್ಕೂ ಬರಲಿಲ್ಲ. ಬಂದದ್ದು ಕಳ್ಳ ನಕಲು. ಫೋನು ಮಾತ್ರ ಎಲ್ಲರ ಮನೆಗೂ ಬಂದಿದೆ, ಅಕ್ಕನ ದಿಂಬಿನ ಪಕ್ಕಕ್ಕೂ ಬಂದಿದೆ. ಫೋನಿನಲ್ಲಿ ಇಲ್ಲ ಎಂದರೆ ನಮ್ಮ ಪಾಲಿಗೆ ಲೋಕದಲ್ಲೇ ಇಲ್ಲ ಎಂದು ಅರ್ಥ. ನಮ್ಮ ಪತ್ರಗಳಲ್ಲಿ ಸ್ವಾಧೀನಾನುಭವ ಎಂದು ಒಂದು ಮಾತು ಬರೆಯುತ್ತೇವೆ. ಜಮೀನು ಯಾರ ಹೆಸರಿನಲ್ಲಾದರೂ ಇರಲಿ, ಉತ್ತು ಬಿತ್ತು ಇಷ್ಟು ವರ್ಷ ಅದರಲ್ಲಿ ಇದ್ದವರು ಯಾರು ಎನ್ನುವ ವಿಷಯ. ಮಿಡಿಗೇಶಿಯ ಮೂಲ ಪತ್ರ ಕಂಪನಿಯದು, ಸರಿ. ಅನುಭವ ಅಕ್ಕನದು. ಬೇಲಿ ಹಾಕಿಕೊಂಡು ಕೂತವರು ಒಂದು ಗೇಟಾದರೂ ಇಡಬೇಕು.

ಇಷ್ಟು ಚೆನ್ನಾಗಿ ಯೋಚನೆ ಮಾಡಿದವನು ಏನು ಮಾಡಬೇಕಿತ್ತು? ಗೆಳೆಯ ಹೇಳಿದ ಹಾಗೆ ಅವತ್ತೇ ಯಾರೋ ಇಂಟರ್‌ನೆಟ್ಟಿಗೆ ಏರಿಸಿದ್ದ ಪ್ರತಿಯನ್ನು ಇಳಿಸಿಕೊಂಡು ತಿರುಮಣಿಯ ಬಸ್ಸು ಹತ್ತಬೇಕಿತ್ತು. ನನಗೆ ಧರ್ಮಸಂಕಟ ಬಂತು. ಕಾನೂನು, ವೈರಸ್ಸು, ನನ್ನ ಲೈಸೆನ್ಸು. ಬಾಲ್ಯವನ್ನೆಲ್ಲ ಕಳ್ಳಮಾಲಿನಲ್ಲಿ ಕಳೆದವನಿಗೆ ನಲವತ್ತೇಳನೇ ವಯಸ್ಸಿನಲ್ಲಿ ಮಾನ ಹುಟ್ಟಿತು. ಕಂಪನಿಗೆ ಇಂಗ್ಲಿಷಿನಲ್ಲಿ ಒಂದು ಮಿಂಚಂಚೆ ಬರೆದೆ. ನನಗೆ ಬರುವುದು ಒಂದೇ ಥರದ ಬರವಣಿಗೆ. ಮಧುಗಿರಿ ಪಟ್ಟಣದ ವಾಸಿಯೂ ಸುಮಾರು ನಲವತ್ತೇಳು ವರ್ಷ ವಯಸ್ಸಿನವನೂ ಆದ ಕೆಳಗೆ ಸಹಿ ಮಾಡಿರುವ ನಾನು ಸ್ವಸಂತೋಷದಿಂದ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಂದು ಶುರು ಮಾಡಿ, ಸದರಿ ಆಟವನ್ನು ಮೊಬೈಲ್ ಫೋನಿನಲ್ಲಿ ಮಾರಾಟಕ್ಕೆ ಇಡಬೇಕೆಂದು ಕೇಳಿಕೊಂಡೆ. ಅಕ್ಕನ ಹೆಬ್ಬೆರಳಿನ ವಿಷಯವನ್ನೂ ಸೇರಿಸಿದೆ. ಎರಡೂವರೆ ವಾರಕ್ಕೆ ಉತ್ತರ ಬಂತು. ನಿಮ್ಮ ಆಸಕ್ತಿಗೆ ಧನ್ಯವಾದ, ಹೊರಗಿನವರ ಸಲಹೆಗಳನ್ನು ನಾವು ಪರಿಶೀಲಿಸುವುದಿಲ್ಲ, ನಮ್ಮ ಹೊಸ ಯಂತ್ರವನ್ನು ನೋಡಿದ್ದೀರಾ?

ಗೆಳೆಯನಿಗೆ ಅದನ್ನು ಓದಿ ಹೇಳಿದೆ. "ನೀನು ಕಾಯ್ಕೊಂಡು ಕೂತ್ಕೋ. ಆಪಾ ಕೈಯೂ ಕಾಯ್ತದಾ?" ಅಂದ. ನನ್ನ ಫೋನು ಕಿತ್ತುಕೊಂಡು ಐದೇ ನಿಮಿಷದಲ್ಲಿ ಆಟ ಹಾಕಿಕೊಟ್ಟ.

ತಿರುಮಣಿಗೆ ಓಡಿದೆ. ಭಾವ ಫೋನಿನ ಗಾಜನ್ನು ಟವೆಲಿನಿಂದ ಸ್ವಚ್ಛವಾಗಿ ಒರೆಸಿದರು, ಅದು ಅವರ ವೃತ್ತಿಯ ಅಭ್ಯಾಸ. ಅಕ್ಕನನ್ನು ದಿಂಬಿಗೆ ಒರಗಿಸಿ ಕೂರಿಸಿದೆವು. ಆಟ ಶುರುವಾಯಿತು. ಹಸಿರು ತೋಟ, ಹೂವು, ಹಾರಾಡುವ ಚಿಟ್ಟೆ. ಮನುಷ್ಯ ಅದೇ, ಸಂಗೀತವೂ ಸುಮಾರಾಗಿ ಅದೇ. ಬೆಟ್ಟವಿಲ್ಲ. ಅಕ್ಕ ಒಂದಷ್ಟು ಹೊತ್ತು ನೋಡಿದಳು, "ಅಲ್ಲ" ಅಂದಳು. ನಾನು ಇದೇ ಅಕ್ಕ, ನೋಡು ಸರಿಯಾಗಿ ಅಂದೆ. "ಅಲ್ಲ." ಮುಖ ಗೋಡೆಗೆ ತಿರುಗಿಸಿದಳು. ಭಾವನಿಗೆ ಇನ್ನೊಮ್ಮೆ ಹರಕೆಯ ನೆನಪಾಯಿತು. ನನಗೆ ಅದಕ್ಕಿಂತ ಕೆಟ್ಟದ್ದೊಂದು ಅನುಮಾನ ಬಂತು: ಅಕ್ಕನಿಗೆ ಆಟವನ್ನು ಗುರುತಿಸುವ ಬುದ್ಧಿಯೇ ಉಳಿದಿಲ್ಲ. ಹತ್ತು ದಿನ ಹಾಗೆಂದೇ ನಂಬಿದ್ದೆ.

ತಪ್ಪು ಅಕ್ಕನದಾಗಿರಲಿಲ್ಲ. ಗೆಳೆಯನಿಗೆ ಒಂದು ಮಧ್ಯಾಹ್ನ ಹೊಳೆದು ಫೋನು ಮಾಡಿದ. ಒಂದು ಕ್ಯಾಸೆಟ್ಟಿನಲ್ಲಿ ಹೆಚ್ಚು ಆಟಗಳಿವೆ ಎಂದು ತೋರಿಸಲು ಆ ನಕಲು ಮಾಡುವವರು ಒಂದೇ ಆಟವನ್ನು ತುಂಡು ಮಾಡಿ, ಬೇರೆ ಬೇರೆ ಹೆಸರು ಕೊಟ್ಟು ತುಂಬುತ್ತಿದ್ದರಂತೆ. ನಮ್ಮ ಮಿಡಿಗೇಶಿ ಅಸಲಿ ಆಟದ ಮೂರನೇ ಹಂತ. ತೋಟ ಅನ್ನುವುದು ಮೊದಲನೇ ಹಂತ, ಅದನ್ನು ನಾವು ಹುಟ್ಟಿದಾಗಿನಿಂದ ನೋಡಿಯೇ ಇರಲಿಲ್ಲ. ಕಂಪನಿ ನನ್ನ ಅರ್ಜಿಗೆ ಕರಗಿ ಫೋನಿನಲ್ಲಿ ಮಾರಿದ್ದರೂ ಅಕ್ಕ ಅಲ್ಲ ಎಂದೇ ಅನ್ನುತ್ತಿದ್ದಳು. ಬೆಟ್ಟಕ್ಕೆ ಹೋಗಲು ತೋಟವನ್ನೂ ಆಮೇಲೆ ಒಂದು ಗವಿಯನ್ನೂ ದಾಟಬೇಕು. ನಾನು ಎರಡು ದಿನ ದಾಟಲು ನೋಡಿ ತೋಟದಲ್ಲೇ ಸತ್ತೆ. ಕೊನೆಗೆ ಗೆಳೆಯನೇ ಅಂಗಡಿಯ ಬಾಗಿಲು ಅರ್ಧ ಎಳೆದುಕೊಂಡು ಒಂದು ಹಳೇ ಫೋನಿನಲ್ಲಿ ಆಡಿ, ಬೆಟ್ಟದ ಬುಡದಲ್ಲಿ ಆಟವನ್ನು ನಿಲ್ಲಿಸಿ, ಫೋನು ಅಕ್ಕನ ಹತ್ತಿರವೇ ಇರಲಿ ಎಂದು ಕೊಟ್ಟ.

ಈ ಸಲ ಅಕ್ಕ ನೋಡಿದ ತಕ್ಷಣ ಎಡಗೈ ಚಾಚಿದಳು. ಮುಖದಲ್ಲಿ ಆಗಿದ್ದನ್ನು ನಗು ಎನ್ನಬಹುದೋ ಏನೋ, ಒಂದೇ ಕಡೆ ಆಗುವುದನ್ನು ಏನೆನ್ನುತ್ತಾರೋ. "ಮಿಡಿಗೇಶಿ" ಅಂದಳು. ಭಾವ, ಹೂಂ ಕಣಮ್ಮ, ಮಿಡಿಗೇಶಿ, ಹತ್ತು ಅಂದರು. ಎಡ ಹೆಬ್ಬೆರಳು ತಾನಾಗಿ ತನ್ನ ಜಾಗ ಹುಡುಕಿಕೊಂಡಿತು. ಮನುಷ್ಯ ಓಡಿದ. ಮೇಡಂ ಅಕ್ಕನ ಬಲಗೈ ಎತ್ತಿ, ಹೆಬ್ಬೆರಳನ್ನು ಗಾಜಿನ ಮೇಲೆ ನೆಗೆಯುವ ಗುರುತಿನ ಹತ್ತಿರ ಇಟ್ಟರು. ಬೆರಳು ಸ್ವಲ್ಪ ಅಲುಗಿ ಪಕ್ಕಕ್ಕೆ ಜಾರಿತು. ಮನುಷ್ಯ ಹಳ್ಳಕ್ಕೆ ಬಿದ್ದ. ಮತ್ತೆ ಇಟ್ಟರು, ಮತ್ತೆ ಜಾರಿತು. ಸ್ಪರ್ಶ ಕಮ್ಮಿಯಿರುವ ಬೆರಳಿಗೆ ಗಾಜಿನ ಮೇಲೆ ಎಲ್ಲಿದ್ದೇನೆ ಎಂದು ಗೊತ್ತಾಗುವುದಿಲ್ಲ, ಒತ್ತಿದರೆ ಒಳಗೆ ಹೋಗುವಂಥದ್ದು ಬೇಕು ಎಂದರು ಮೇಡಂ. ಗಂಧ ತೇಯ್ದಂಗೆ ಎಂದು ಗೆಳೆಯ ಹೇಳಿದ್ದು ಇದನ್ನೇ. ಸರಿ ಇದ್ದದ್ದು ಅವನೇ. ಫೋನಿನಲ್ಲಿ ಮಾರಲಿ ಎನ್ನುವ ನನ್ನ ವಾದಕ್ಕೆ, ಜೊತೆಗೆ ಒಂದು ಗುಂಡಿಯನ್ನೂ ಕೊಡಲಿ ಎಂದು ಆವತ್ತು ಸೇರಿಸಿಕೊಂಡೆ.

ಮುಂದಿನ ವಾರ ಹೋದರೆ ಭಾವ ಒಂದು ಕೆಲಸ ಮಾಡಿಟ್ಟಿದ್ದರು. ಅಕ್ಕನ ಹೊಲಿಗೆ ಡಬ್ಬಿಯಿಂದ ಷರಟಿನ ಗುಂಡಿಯೊಂದನ್ನು ಆರಿಸಿ, ಫೋನಿನ ಗಾಜಿನ ಮೇಲೆ ಸರಿಯಾಗಿ ನೆಗೆಯುವ ಗುರುತಿನ ಮೇಲೆ ಗೋಂದು ಹಾಕಿ ಅಂಟಿಸಿದ್ದರು. "ನೋಡಯ್ಯ, ಈಗ ಬೆರಳಿಗೆ ಸಿಗ್ತದೆ" ಅಂದರು. ಪ್ಲಾಸ್ಟಿಕ್ ಗುಂಡಿ ಒತ್ತಿದರೆ ಗಾಜಿಗೆ ಬೆರಳಿನ ಅರಿವೇ ಆಗುವುದಿಲ್ಲ. ಅವರಿಗೆ ಅದನ್ನು ಹೇಳುವುದು ನನ್ನ ಪಾಲಿಗೆ ಬಂತು. ಅವರು ತಮ್ಮದೇ ಹೆಬ್ಬೆರಳಿನಿಂದ ಗುಂಡಿಯನ್ನು ನಾಲ್ಕೈದು ಸಲ ಒತ್ತಿ ನೋಡಿದರು. ಸರೇಲೇ, ಪರ್ವಾಲೇದು, ಇರಲಿ ಬಿಡು ಅಂತ ಉಗುರಿನಿಂದ ಕೆರೆದು ತೆಗೆದರು. ಗೋಂದಿನ ಕಲೆಯನ್ನು ಬಹಳ ಹೊತ್ತು ಒರೆಸಿದರು.

ಗೆಳೆಯ ಎಲ್ಲಿಂದಲೋ ಫೋನಿಗೆ ಸಿಕ್ಕಿಸುವ, ನಿಜವಾದ ಗುಂಡಿಗಳಿರುವ ರಿಮೋಟೊಂದನ್ನು ತರಿಸಿದ. ಅದು ತಪ್ಪಿ ಬೇರೆ ಊರಿಗೆ ಹೋಗಿ, ವಾಪಸಾಗಿ, ಮತ್ತೆ ಬರುವ ಹೊತ್ತಿಗೆ ಅಕ್ಕ ಬಿದ್ದು ಆರನೇ ತಿಂಗಳು ನಡೆಯುತ್ತಿತ್ತು. ಗೆಳೆಯ ತಾನೇ ಅದನ್ನು ಹಿಡಿದುಕೊಂಡು ನನ್ನ ಜೊತೆ ತಿರುಮಣಿಗೆ ಬಂದ. ಆಪಾ, ಗುರ್ತು ಸಿಗ್ತಾ ಎಂದು ಕೇಳಿ, ಉತ್ತರಕ್ಕೆ ಕಾಯದೆ ಸಂಗೀತ ನುಡಿಸಿ ತೋರಿಸಿದ. ಅಕ್ಕ ಹೂಂ ಅಂದಳು. ಎಡಗೈಗೆ ರಿಮೋಟು ಸಿಕ್ಕಿತು. ಬಲಗೈ ಅಷ್ಟರಲ್ಲಿ ಮುಷ್ಟಿಯಾಗಿ ಬಿಗಿದುಕೊಂಡಿತ್ತು. ಹೆಬ್ಬೆರಳು ಉಳಿದ ನಾಲ್ಕರ ಅಡಿಯಲ್ಲಿ ಸೇರಿಕೊಂಡಿತ್ತು. ಮೇಡಂ ಒಂದೊಂದೇ ಬೆರಳು ಬಿಡಿಸಿ, ಹೆಬ್ಬೆರಳನ್ನು ಹೊರಗೆಳೆದು, ಗುಂಡಿಯ ಮೇಲೆ ಇಟ್ಟರು.

ಅಕ್ಕ ಒತ್ತಿದಳು. ಒತ್ತುತ್ತಿದ್ದಾಳೆ ಎನ್ನುವುದು ಅವಳ ಕತ್ತಿನ ನರದಲ್ಲಿ ಕಾಣುತ್ತಿತ್ತು, ಹಣೆಯ ಬೆವರಿನಲ್ಲಿ ಕಾಣುತ್ತಿತ್ತು. ಬೆರಳಿನಲ್ಲಿ ಏನೂ ಆಗಲಿಲ್ಲ. ಎಡಗೈ ಮನುಷ್ಯನನ್ನು ಓಡಿಸಿತು, ಅವನು ಬಿದ್ದ. ಓಡಿಸಿತು, ಬಿದ್ದ. ಒಂದು ಗಂಟೆ ಹೀಗೇ ನಡೆಯಿತು. ಗೆಳೆಯ ಎದ್ದು ಅಂಗಳಕ್ಕೆ ಹೋದ. ಮೇಡಂ ಅಕ್ಕನ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡು ಹೆಬ್ಬೆರಳ ಬುಡವನ್ನು ತೀಡುತ್ತಾ, "ಮೊದ್ಲು ಸ್ವಲ್ಪ ಅಲ್ಲಾಡ್ತಿತ್ತು. ಆಗ ಇದು ಸಿಕ್ಕಿದ್ರೆ ಏನಾದ್ರೂ ಆಗ್ತಿತ್ತೇನೋ, ಹೇಳಕ್ಕಾಗಲ್ಲ ಸರ್" ಅಂದರು. ನನ್ನನ್ನು ನೋಡದೆ ಅಂದರು. ಒಳ್ಳೆಯ ಹುಡುಗಿ. ಇನ್ನು ಮುಂದೆ ಕೈಯನ್ನು ಬಿಟ್ಟು ನಡಿಗೆಯ ಕಡೆ ಗಮನ ಕೊಡೋಣ ಎಂದೂ ಹೇಳಿ ಹೋದರು.

ಆರು ವಾರ ನಾನು ಬಾಯಿ ಮುಚ್ಚಿಕೊಂಡಿದ್ದೆ, ಎರಡೂವರೆ ವಾರ ಕಂಪನಿಯ ಉತ್ತರಕ್ಕೆ ಕಾದೆ, ಹತ್ತು ದಿನ ಅವಳನ್ನೇ ಅನುಮಾನಿಸಿದೆ. ಇದನ್ನು ಕೂಡಿಸಿ ನೋಡಲು ಗಣಿತ ಬೇಕಾಗಿಲ್ಲ. ಕಂಪನಿಯನ್ನು ಬೈಯುವುದು ಸುಲಭ, ಮಾಡಿದ್ದೇನೆ. ಅವರು ಹಳೆಯ ಆಟಗಳನ್ನು ಫೋನಿಗೆ ಕೊಡಬೇಕು, ಕೈ ಆಡುವ ಕಾಲದಲ್ಲೇ ಕೊಡಬೇಕು ಎಂದು ಈಗಲೂ ಹೇಳುತ್ತೇನೆ. ಆದರೆ ಅವರು ಕಾರಿನಲ್ಲಿರಲಿಲ್ಲ.

ಹೋದ ತಿಂಗಳು ಹೋಗಿದ್ದೆ. ಅಕ್ಕ ಗೋಡೆಗೆ ಒರಗಿ ಕೂರುತ್ತಾಳೆ, ಹಿಡಿದುಕೊಂಡರೆ ಬಚ್ಚಲಿನವರೆಗೆ ನಡೆಯುತ್ತಾಳೆ. ಎಡಗೈಯಲ್ಲಿ ರಿಮೋಟು, ಎದುರಿಗೆ ಲೋಟಕ್ಕೆ ಆನಿಸಿದ ಫೋನು. ಅವಳು ಮನುಷ್ಯನನ್ನು ಮೊದಲ ಹಳ್ಳದವರೆಗೆ ಓಡಿಸಿಕೊಂಡು ಹೋಗಿ ಅಂಚಿನಲ್ಲಿ ನಿಲ್ಲಿಸುತ್ತಿದ್ದಳು. ನೆಗೆಸುವುದಿಲ್ಲ, ಬೀಳಿಸುವುದೂ ಇಲ್ಲ. ಪರದೆಯ ಮೂಲೆಯಲ್ಲಿ ಎಣಿಕೆಯಾಗುವ ಹೊತ್ತು ಮುಗಿದು ಅವನು ನಿಂತಲ್ಲೇ ಸಾಯುತ್ತಿದ್ದ. ಮತ್ತೆ ಶುರು. ನಾನು ಪಕ್ಕದಲ್ಲಿ ಕೂತು, ನೀನು ಓಡಿಸು ಅಕ್ಕ, ನೆಗೆಸೋದು ನಾನು ಒತ್ತುತೀನಿ ಅಂತ ಕೈ ಚಾಚಿದೆ. ಅವಳು ರಿಮೋಟನ್ನು ನನ್ನಿಂದ ದೂರಕ್ಕೆ ಸರಿಸಿದಳು. ಇನ್ನೊಂದು ಸಲ ಅಂಚಿನವರೆಗೆ ಓಡಿಸಿದಳು. ಆಮೇಲೆ ರಿಮೋಟನ್ನು ಹಾಸಿಗೆಯ ಮೇಲೆ ಮೆಲ್ಲಗೆ ಕವುಚಿ ಹಾಕಿದಳು.

"ಸಾಕು" ಅಂದಳು.

ಏಳು ತಿಂಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಹೊಸ ಮಾತು. ಸ್ಪಷ್ಟವಾಗಿತ್ತು. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಭಾವನಿಗೆ ಕೇಳಿಸಿತು. ಓಡಿ ಬಂದರು. ಏನಂದೆ, ಇನ್ನೊಂದ್ಸಲ ಅನ್ನು ಅಂದರು. ಅವಳು ಅಂದಳು. ಅವರ ಕಣ್ಣು ತುಂಬಿಕೊಂಡವು. ಹಸಿ ಕೈಯಲ್ಲೇ ಮೇಡಂಗೆ ಫೋನು ಹಚ್ಚಿ, "ಮಾತು ಬಂತು ಕಣಮ್ಮ, ಹೊಸಾದು ಬಂತು, ಸಾಕು ಅಂತಾಳೆ ನೋಡು" ಎಂದು ಕೂಗಿ ಹೇಳುತ್ತಾ ಅಂಗಳದಲ್ಲಿ ಆ ಕಡೆಯಿಂದ ಈ ಕಡೆಗೆ ನಡೆದಾಡಿದರು. ಅಕ್ಕ ಎಡಗೈಯಿಂದ ಸೆರಗು ಎಳೆದು ಬಲಗೈಯನ್ನು ಮುಚ್ಚಿಕೊಂಡಳು.